ಆಮ್ಲೀಯ ಕಾಗದಕ್ಕೆ ಕ್ಷಾರ ಚಿಕಿತ್ಸೆ: ಗ್ರಂಥಾಲಯದ ದೃಷ್ಟಿಯಿಂದ ಒಂದು ವಿಮರ್ಶೆ

ಹಳೆಯ ಪುಸ್ತಕವೊಂದರ ಪುಟದ ಮೂಲೆಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಿಸಿದಾಗಲೇ ಅದು ಕಳಚಿ ಬೆರಳ ತುದಿಯಲ್ಲಿ ಉಳಿದರೆ, ಮುಂದೆ ವಿವರಿಸುವ ಯಾವ ರಾಸಾಯನಿಕವೂ ಆ ಪುಸ್ತಕಕ್ಕೆ ಹೆಚ್ಚಿನ ಉಪಕಾರ ಮಾಡಲಾರದು. ಇದನ್ನು ಮೊದಲೇ ಹೇಳಿಬಿಡುವುದು ಲೇಸು. ಆಮ್ಲನಿವಾರಣೆಯ ಸೇವೆ ಒದಗಿಸುವವರ ಕೈಪಿಡಿಗಳು ಇದನ್ನು ಕೊನೆಯ ಪುಟಗಳಿಗೆ ತಳ್ಳುತ್ತವೆ. ಪುಸ್ತಕಗಳನ್ನು ಕಳುಹಿಸುವವರು ಚಿಕಿತ್ಸೆ ಮುಗಿದು ಪೆಟ್ಟಿಗೆಗಳು ಹಿಂದಿರುಗಿದ ಮೇಲೆ, ಪುಟಗಳು ಮೊದಲಿನಷ್ಟೇ ಮುರುಕಲಾಗಿರುವುದನ್ನು ಕಂಡು ನಿರಾಶರಾಗುತ್ತಾರೆ. ಈ ಚಿಕಿತ್ಸೆಗಳು ಕಳೆದುಹೋದ ಬಲವನ್ನು ಮರಳಿ ಕೊಡುವುದಿಲ್ಲ, ಉಳಿದಿರುವ ಬಲ ಕರಗುವ ವೇಗವನ್ನು ತಗ್ಗಿಸುತ್ತವೆ. ಆದ್ದರಿಂದ ಇಂದು ದೊರೆಯುವ ವಿಧಾನಗಳನ್ನು ಇಲ್ಲಿ ತೂಗಿ ನೋಡುವಾಗ ನಾನು ಹಿಡಿದಿರುವ ಅಳತೆಗೋಲು, ಯಾವ ರಾಸಾಯನಿಕ ಹೆಚ್ಚು ಪ್ರಬಲವೆಂಬುದಲ್ಲ; ಇನ್ನೂ ಗಟ್ಟಿಯಾಗಿರುವ ಕಾಗದದ ಒಳಗೆ, ಪುಟದ ಅಂಚಿನಿಂದ ಹೊಲಿಗೆಯವರೆಗೆ, ಶಾಯಿಗೂ ರಟ್ಟಿಗೂ ಹಾನಿಯಾಗದಂತೆ ಕ್ಷಾರವನ್ನು ಸಮನಾಗಿ ತಲುಪಿಸುವ ವಿಧಾನ ಯಾವುದು ಎಂಬುದು.

ರೋಗದ ಮೂಲ ಕಾಗದದ ತಯಾರಿಕೆಯಲ್ಲೇ ಇದೆ. ಶಾಯಿ ಹರಡದಂತೆ ಕಾಗದಕ್ಕೆ ರಾಳ ಮತ್ತು ಪಟಿಕವನ್ನು ಸೇರಿಸುವ ಕ್ರಮವನ್ನು ಜರ್ಮನಿಯ ಮೊರಿಟ್ಸ್ ಫ್ರೀಡ್ರಿಕ್ ಇಲ್ಲಿಗ್ 1807ರಲ್ಲಿ ಪ್ರಕಟಿಸಿದ. ಮುಂದೆ ಪಟಿಕದ ಜಾಗಕ್ಕೆ ಅಗ್ಗದ ಅಲ್ಯೂಮಿನಿಯಮ್ ಸಲ್ಫೇಟ್ ಬಂದಿತು. 1840ರ ದಶಕದಲ್ಲಿ ಕೆಲ್ಲರ್ ಎಂಬಾತ ಮರವನ್ನು ಅರೆದು ತಿರುಳು ಮಾಡುವ ಉಪಾಯವನ್ನು ಕಂಡುಕೊಂಡ ಮೇಲೆ, ಚಿಂದಿಬಟ್ಟೆಯ ನಾರಿನ ಬದಲು ಮರದ ತಿರುಳು ಗಿರಣಿಗಳನ್ನು ತುಂಬಿತು. ಅಲ್ಯೂಮಿನಿಯಮ್ ಸಲ್ಫೇಟ್ ಕಾಗದದಲ್ಲಿರುವ ತೇವದೊಂದಿಗೆ ಸೇರಿ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಸೆಲ್ಯುಲೋಸ್ ಎಂಬ ಉದ್ದನೆಯ ಸರಪಳಿಯ ಕೊಂಡಿಗಳನ್ನು ನೀರಿನ ನೆರವಿನಿಂದ ತುಂಡರಿಸುತ್ತದೆ, ಮತ್ತು ಈ ಕೆಲಸದಲ್ಲಿ ಆಮ್ಲ ಖರ್ಚಾಗುವುದೇ ಇಲ್ಲ. ಅಷ್ಟೇ ಅಲ್ಲ, ಕಾಗದ ಹಳತಾಗುತ್ತ ಹೋದಂತೆ ತಾನೇ ಫಾರ್ಮಿಕ್ ಮತ್ತು ಅಸಿಟಿಕ್ ಆಮ್ಲಗಳನ್ನು ಉತ್ಪಾದಿಸುತ್ತದೆ. ಊರಿನ ಗಾಳಿಯಲ್ಲಿರುವ ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳೂ ಅದಕ್ಕೆ ಸೇರಿಕೊಳ್ಳುತ್ತವೆ. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೆ ಅಚ್ಚಾದ ಬಹುಪಾಲು ಪುಸ್ತಕಗಳು, ಅವಕ್ಕಿಂತ ಮುನ್ನೂರು ವರ್ಷ ಹಳೆಯದಾದ ಚಿಂದಿಬಟ್ಟೆಯ ಕಾಗದಕ್ಕಿಂತ ಬೇಗ ಸಾಯುತ್ತಿವೆ.

ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬೇಕು? ಇರುವ ಆಮ್ಲವನ್ನು ತಟಸ್ಥಗೊಳಿಸುವುದು ಅರ್ಧ ಕೆಲಸ ಮಾತ್ರ. ಮುಂದೆ ಹುಟ್ಟಲಿರುವ ಆಮ್ಲವನ್ನು ಎದುರಿಸಲು ಕಾಗದದೊಳಗೆ ಕ್ಷಾರದ ಒಂದು ದಾಸ್ತಾನು ಉಳಿಯಬೇಕು. ಇದನ್ನು ಕ್ಷಾರ ಮೀಸಲು ಎನ್ನುತ್ತಾರೆ, ಕ್ಯಾಲ್ಸಿಯಮ್ ಕಾರ್ಬೊನೇಟಿನ ಶೇಕಡಾವಾರು ಲೆಕ್ಕದಲ್ಲಿ ಅಳೆಯುತ್ತಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಗುತ್ತಿಗೆದಾರರಿಗೆ ವಿಧಿಸಿದ ಷರತ್ತು ಹೀಗಿತ್ತು: ಚಿಕಿತ್ಸೆಯ ನಂತರ ಕಾಗದದ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) 6.8ರಿಂದ 10.4ರೊಳಗೆ ಇರಬೇಕು, ಕ್ಷಾರ ಮೀಸಲು ಶೇಕಡಾ 1.5ರಷ್ಟಾದರೂ ಇರಬೇಕು. ಹೋಲಿಕೆಗೆ, ಹೊಸದಾಗಿ ತಯಾರಾಗುವ ದೀರ್ಘಬಾಳಿಕೆಯ ಕಾಗದಕ್ಕೆ ಐಎಸ್‌ಒ 9706 ಮಾನದಂಡ ಕೇಳುವ ಮೀಸಲು ಶೇಕಡಾ 2. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಂಡವರಿಗೆ ಸೇವಾ ಸಂಸ್ಥೆಗಳ ಜಾಹೀರಾತನ್ನು ಓದುವುದು ಬಹಳ ಸುಲಭವಾಗುತ್ತದೆ.

ಗುಣದಲ್ಲಿ ಇಂದಿಗೂ ಮೊದಲ ಸ್ಥಾನ ನೀರಿನ ವಿಧಾನದ್ದೇ ಎಂಬುದು ನನ್ನ ಅಭಿಪ್ರಾಯ. ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್ ಬೈಕಾರ್ಬೊನೇಟುಗಳಿಂದ ಕಾಗದವನ್ನು ಸ್ಥಿರಗೊಳಿಸುವ ಹಕ್ಕುಸ್ವಾಮ್ಯವನ್ನು ಒಟ್ಟೊ ಶಿಯರ್‌ಹೋಲ್ಟ್ಸ್ 1936ರಲ್ಲಿಯೇ ಪಡೆದಿದ್ದ. ಅದನ್ನು ಗ್ರಂಥಾಲಯಗಳ ಬಳಕೆಗೆ ತಂದವನು ಅಮೆರಿಕದ ವರ್ಜೀನಿಯಾದ ವಿಲಿಯಮ್ ಬ್ಯಾರೊ. ಕಾಗದವನ್ನು ಮೊದಲು ಸುಣ್ಣದ ತಿಳಿನೀರಿನಲ್ಲಿ, ಆಮೇಲೆ ಕ್ಯಾಲ್ಸಿಯಮ್ ಬೈಕಾರ್ಬೊನೇಟಿನ ದ್ರಾವಣದಲ್ಲಿ ಅದ್ದುವ ಎರಡು ಹಂತದ ಕ್ರಮ ಅವನದು. ನಂತರ ಮೆಗ್ನೀಸಿಯಮ್ ಬೈಕಾರ್ಬೊನೇಟಿನ ಒಂದೇ ಹಂತವೂ ಬಳಕೆಗೆ ಬಂದಿತು. ಈ ವಿಧಾನದ ಹೆಚ್ಚುಗಾರಿಕೆ ಕ್ಷಾರದಲ್ಲಿ ಮಾತ್ರವಿಲ್ಲ, ನೀರಿನಲ್ಲೂ ಇದೆ. ನೀರು ಕರಗುವ ಆಮ್ಲವನ್ನೂ ಹಳದಿ ಬಣ್ಣದ ಕೊಳೆತ ಅಂಶಗಳನ್ನೂ ತೊಳೆದು ಹೊರಹಾಕುತ್ತದೆ, ನಾರುಗಳನ್ನು ಉಬ್ಬಿಸಿ ಒಣಗುವಾಗ ಅವುಗಳ ನಡುವೆ ಹೊಸ ಹೈಡ್ರೋಜನ್ ಬಂಧಗಳನ್ನು ಕಟ್ಟುತ್ತದೆ. ಚಿಕಿತ್ಸೆ ಮುಗಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಬಣ್ಣ ತಿಳಿಯಾಗಿರುವುದು ಕಾಣುತ್ತದೆ, ಕೈಯಲ್ಲಿ ಹಿಡಿದರೆ ಜೀವ ಬಂದಂತೆ ಭಾಸವಾಗುತ್ತದೆ. ಬೇರಾವ ವಿಧಾನವೂ ಕೊಳೆಯನ್ನು ಹೊರಗೆ ಕಳುಹಿಸುವುದಿಲ್ಲ; ಎಲ್ಲವೂ ಅದನ್ನು ಒಳಗೇ ಇಟ್ಟು ತಟಸ್ಥಗೊಳಿಸುತ್ತವೆ ಅಷ್ಟೆ.

ಆದರೆ ಪುಸ್ತಕದ ಹೊಲಿಗೆಯನ್ನು ಬಿಚ್ಚಿ ಹಾಳೆಗಳನ್ನು ಬೇರ್ಪಡಿಸದೆ ನೀರಿನ ಚಿಕಿತ್ಸೆ ಸಾಧ್ಯವಿಲ್ಲ. ಪ್ರತಿ ಶಾಯಿಯ ಮೇಲೂ, ಪ್ರತಿ ಮುದ್ರೆಯ ಮೇಲೂ ಒಂದು ಹನಿ ದ್ರಾವಣವನ್ನಿಟ್ಟು ಒತ್ತುಕಾಗದದಿಂದ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು. ಸುಣ್ಣದ ತಿಳಿನೀರು ಪೂರ್ಣ ಸಾಂದ್ರತೆಯಲ್ಲಿ 12ಕ್ಕಿಂತ ಹೆಚ್ಚಿನ ಪಿಎಚ್ ಹೊಂದಿರುವುದರಿಂದ ಅದನ್ನು ತೆಳುಗೊಳಿಸಿಯೇ ಬಳಸಬೇಕು. ಈಗಾಗಲೇ ಉತ್ಕರ್ಷಣಗೊಂಡ ಸೆಲ್ಯುಲೋಸ್ ಪ್ರಬಲ ಕ್ಷಾರದಲ್ಲಿ ಬೇರೊಂದು ದಾರಿಯಲ್ಲಿ ತುಂಡಾಗುತ್ತದೆ. ಒಬ್ಬ ನುರಿತ ಸಂರಕ್ಷಕ ಒಂದು ದಿನದಲ್ಲಿ ಮಾಡಬಹುದಾದ ಕೆಲಸಕ್ಕೆ ಮಿತಿ ಇದೆ, ಗ್ರಂಥಾಲಯದ ಕಪಾಟುಗಳಿಗೆ ಇಲ್ಲ. ಈ ಅಂತರವನ್ನು ತುಂಬಲು ಜರ್ಮನಿಯಲ್ಲಿ ರೂಪುಗೊಂಡ ಬ್ಯೂಕೆಬುರ್ಗ್ ವಿಧಾನ ಬಿಡಿ ಹಾಳೆಗಳ ದಾಖಲೆ ಸಂಗ್ರಹಗಳಿಗೆ ನಿಜಕ್ಕೂ ಚೆನ್ನಾಗಿದೆ: ಬಣ್ಣಗಳನ್ನು ಕಚ್ಚಿಸುವ ರಾಸಾಯನಿಕ, ಮೆಗ್ನೀಸಿಯಮ್ ಬೈಕಾರ್ಬೊನೇಟ್, ಹಾಳೆಗೆ ಗಂಜಿಯಂತೆ ಬಲಕೊಡುವ ಮೀಥೈಲ್ ಸೆಲ್ಯುಲೋಸ್, ಇವನ್ನು ಯಂತ್ರದಲ್ಲೇ ಕೊಟ್ಟು ಹಾಳೆಯನ್ನು ಒಣಗಿಸಿ ಹೊರತರುತ್ತಾರೆ. ಕಚೇರಿ ಕಡತಗಳ ಮಟ್ಟಿಗೆ ನಾನು ಇದನ್ನೇ ಶಿಫಾರಸು ಮಾಡುವೆ. ಕಟ್ಟಿದ ಪುಸ್ತಕಗಳಿಗೆ ಇದು ನೆರವಾಗದು.

ಪುಸ್ತಕವನ್ನು ಬಿಚ್ಚದೆ ಒಳಗೆ ಹೋಗಬಲ್ಲದ್ದು ಅನಿಲ. ಈ ತರ್ಕವನ್ನು ಹಿಡಿದು ಹೊರಟವರ ಚರಿತ್ರೆ ಮಾತ್ರ ಅಷ್ಟು ಸುಖಕರವಲ್ಲ. ಇಂಗ್ಲೆಂಡಿನ ಲ್ಯಾಂಗ್‌ವೆಲ್ 1960ರ ದಶಕದಲ್ಲಿ ಸೈಕ್ಲೊಹೆಕ್ಸೈಲಮೀನ್ ಕಾರ್ಬೊನೇಟ್ ತುಂಬಿದ ಹಾಳೆಗಳನ್ನು ಪುಟಗಳ ನಡುವೆ ಇಡುವ ಉಪಾಯ ಹೇಳಿದ. ಅದರ ಆವಿ ಆಮ್ಲವನ್ನು ತಾತ್ಕಾಲಿಕವಾಗಿ ತಣಿಸಿತು, ಮೀಸಲನ್ನು ಬಿಟ್ಟುಹೋಗಲಿಲ್ಲ, ಜೊತೆಗೆ ಓದುಗರ ಮತ್ತು ಸಿಬ್ಬಂದಿಯ ಆರೋಗ್ಯದ ಪ್ರಶ್ನೆ ಎದ್ದಿತು. ಬ್ಯಾರೊ ಪ್ರಯೋಗಾಲಯದ ಮಾರ್ಫೊಲಿನ್ ಆವಿಯ ಕಥೆಯೂ ಹೆಚ್ಚು ಕಡಿಮೆ ಇದೇ. ಇವೆರಡನ್ನೂ ಇಂದು ಯಾರಾದರೂ ಮಾರಲು ಬಂದರೆ ವಿನಯದಿಂದ ಬೇಡವೆನ್ನಬಹುದು.

ಡೈಈಥೈಲ್ ಝಿಂಕ್ ಹಾಗಲ್ಲ. ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದು ಅಚ್ಚುಕಟ್ಟಾದ ಪರಿಹಾರವಾಗಿತ್ತು ಎಂದು ಒಪ್ಪಲೇಬೇಕು. ಪುಸ್ತಕಗಳನ್ನು ನಿರ್ವಾತ ಕೋಣೆಯಲ್ಲಿಟ್ಟು ತೇವವನ್ನು ತೆಗೆದು, ಈ ದ್ರವದ ಆವಿಯನ್ನು ಒಳಗೆ ಬಿಟ್ಟರೆ ಅದು ಮುಚ್ಚಿದ ಪುಸ್ತಕದ ನಡುಹಾಳೆಯವರೆಗೂ ಸಮನಾಗಿ ಹರಡಿ, ಆಮ್ಲವನ್ನು ತಟಸ್ಥಗೊಳಿಸಿ, ಝಿಂಕ್ ಆಕ್ಸೈಡಿನ ಮೀಸಲನ್ನು ಉಳಿಸಿಹೋಗುತ್ತಿತ್ತು. ತೊಂದರೆ ಇದ್ದದ್ದು ಆ ದ್ರವದ ಸ್ವಭಾವದಲ್ಲಿ: ಗಾಳಿಗೆ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ನೀರಿಗೆ ತಾಗಿದರೆ ಸ್ಫೋಟಕ್ಕೆ ಸಮನಾದ ರಭಸದಲ್ಲಿ ವರ್ತಿಸುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಕಟ್ಟಿದ ಪ್ರಾಯೋಗಿಕ ಸ್ಥಾವರದಲ್ಲಿ 1985ರ ಡಿಸೆಂಬರಿನಲ್ಲಿ ಬೆಂಕಿ ಕಾಣಿಸಿಕೊಂಡಿತು, 1986ರ ಫೆಬ್ರವರಿಯಲ್ಲಿ ಸ್ಫೋಟವಾಯಿತು, ಕೊನೆಗೆ ಸ್ಥಾವರವನ್ನೇ ಕೆಡವಬೇಕಾಯಿತು. ನಂತರ ಟೆಕ್ಸಾಸ್‌ನಲ್ಲಿ ಆಕ್ಜೋ ರಾಸಾಯನಿಕ ಸಂಸ್ಥೆ ಇದನ್ನು ಸುರಕ್ಷಿತವಾಗಿಯೇ ನಡೆಸಿತು. ಆದರೆ ಸಾಕಷ್ಟು ಗ್ರಾಹಕರು ಸಿಗದೆ 1994ರಲ್ಲಿ ನಿಲ್ಲಿಸಿತು. ವಿಧಾನ ಚೆನ್ನಾಗಿದ್ದೂ ಸೇವೆಯಾಗಿ ಸೋತದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ. ಸಮನಾದ ಹರಡುವಿಕೆಯ ವಿಷಯದಲ್ಲಿ ಅದು ಹಾಕಿಕೊಟ್ಟ ಮಟ್ಟಕ್ಕೆ ನಂತರ ಬಂದ ದ್ರವಗಳು ಪೂರ್ತಿ ಏರಿಲ್ಲ ಎಂಬ ಕೊರಗು ಹಳಬರಲ್ಲಿ ಇನ್ನೂ ಇದೆ, ಆ ಕೊರಗಿನಲ್ಲಿ ಹುರುಳೂ ಇದೆ.

ನೀರಿನ ಬದಲು ಬೇರೆ ದ್ರಾವಕದಲ್ಲಿ ಕ್ಷಾರವನ್ನು ಕರಗಿಸಿ ಪುಸ್ತಕವನ್ನೇ ಅದ್ದುವುದು ಮೂರನೆಯ ದಾರಿ. ರಿಚರ್ಡ್ ಸ್ಮಿತ್ ರೂಪಿಸಿದ ವೇ ಟೋ ವಿಧಾನ ಇದರ ಮೊದಲ ಯಶಸ್ವಿ ರೂಪ. ಮೆಗ್ನೀಸಿಯಮ್ಮಿನ ಸಾವಯವ ಸಂಯುಕ್ತವನ್ನು ಮೆಥನಾಲ್ ಬೆರೆತ ದ್ರಾವಕದಲ್ಲಿ ಕರಗಿಸಿ ಒತ್ತಡದಲ್ಲಿ ಪುಸ್ತಕಕ್ಕೆ ಕೊಡುತ್ತಿದ್ದರು, ಮತ್ತು ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಹಾಗೂ ದಾಖಲೆ ಸಂಗ್ರಹಾಲಯ 1980ರ ದಶಕದಲ್ಲಿ ಅದನ್ನು ನಿಯಮಿತವಾಗಿ ನಡೆಸಿದವು. ದ್ರವ ಕಾಗದದ ಒಳಗೆ ನಿಜವಾಗಿ ಇಳಿಯುತ್ತದೆ ಎಂಬುದು ಅದರ ಬಲ. ಮೆಥನಾಲ್ ಬಾಲ್‌ಪೆನ್ನಿನ ಶಾಯಿಯನ್ನೂ, ಕೆಲವು ಮುದ್ರೆಯ ಬಣ್ಣಗಳನ್ನೂ, ರಟ್ಟಿನ ಮೇಲಿನ ಕೆಲವು ಲೇಪಗಳನ್ನೂ ಕರಗಿಸುತ್ತದೆ ಎಂಬುದು ದೌರ್ಬಲ್ಯ. ಹೀಗಾಗಿ ಪ್ರತಿ ಪುಸ್ತಕವನ್ನೂ ಮೊದಲು ಪರೀಕ್ಷಿಸಿ ಆರಿಸಬೇಕು, ಮತ್ತು ಆ ಆಯ್ಕೆಗೆ ತಗಲುವ ಮಾನವ ಶ್ರಮ ಚಿಕಿತ್ಸೆಯ ಶ್ರಮವನ್ನೇ ಮೀರುವುದುಂಟು. ಆ ದ್ರಾವಕದಲ್ಲಿ ಬೆರೆಸುತ್ತಿದ್ದ ಆ ಕಾಲದ ಶೀತಕ ಅನಿಲಗಳು ಓಝೋನ್ ಪದರದ ಕಾರಣಕ್ಕೆ ನಿಷೇಧಕ್ಕೊಳಗಾದಾಗ ದ್ರಾವಕವನ್ನೂ ಬದಲಿಸಬೇಕಾಯಿತು.

ಇದೇ ಕುಟುಂಬಕ್ಕೆ ಸೇರಿದ, ಆದರೆ ಹೆಚ್ಚು ಪಳಗಿದ ವಿಧಾನ ಪೇಪರ್‌ಸೇವ್. ಜರ್ಮನಿಯ ಬಾಟೆಲ್ ಸಂಸ್ಥೆ ಇದನ್ನು ರೂಪಿಸಿತು. 1990ರ ದಶಕದಲ್ಲಿ ಲೈಪ್‌ಜಿಗ್‌ನಲ್ಲಿ, 2000ದಿಂದ ಸ್ವಿಟ್ಜರ್ಲೆಂಡಿನ ವಿಮ್ಮಿಸ್‌ನಲ್ಲಿ ಕೈಗಾರಿಕಾ ಪ್ರಮಾಣದಲ್ಲಿ ನಡೆಯಿತು, ಸ್ವಿಸ್ ರಾಷ್ಟ್ರೀಯ ಗ್ರಂಥಾಲಯ ಮತ್ತು ಅಲ್ಲಿನ ಕೇಂದ್ರ ದಾಖಲೆ ಸಂಗ್ರಹಾಲಯ ಅದರ ಮುಖ್ಯ ಗ್ರಾಹಕರಾದವು. ಇಲ್ಲಿ ಮೆಗ್ನೀಸಿಯಮ್ ಮತ್ತು ಟೈಟೇನಿಯಮ್ಮಿನ ಈಥಾಕ್ಸೈಡ್ ಸಂಯುಕ್ತವನ್ನು ಒಂದು ಸಿಲಿಕಾನ್ ದ್ರಾವಕದಲ್ಲಿ ಕರಗಿಸಿರುತ್ತಾರೆ. ಪುಸ್ತಕಗಳನ್ನು ಮೊದಲು ನಿರ್ವಾತದಲ್ಲಿ ಬೆಚ್ಚಗೆ ಒಣಗಿಸಿ ಅವುಗಳ ಸಹಜ ತೇವವನ್ನು ಬಹುಪಾಲು ತೆಗೆಯುತ್ತಾರೆ, ಕೋಣೆಯನ್ನು ದ್ರಾವಣದಿಂದ ತುಂಬುತ್ತಾರೆ, ಬಸಿದು ಮತ್ತೆ ಒಣಗಿಸುತ್ತಾರೆ. ಆಮೇಲೆ ಕೆಲವು ವಾರಗಳ ಕಾಲ ತೇವಭರಿತ ಗಾಳಿಯಲ್ಲಿ ಇಟ್ಟಾಗ ಸಂಯುಕ್ತ ಒಡೆದು ಕ್ಷಾರ ಕಾಗದದೊಳಗೇ ರೂಪುಗೊಳ್ಳುತ್ತದೆ, ಎಥನಾಲ್ ಹೊರಹೋಗುತ್ತದೆ. ಒಳಗಿಳಿಯುವ ಗುಣದಲ್ಲಿ ಇಂದು ಸಾಮೂಹಿಕ ಚಿಕಿತ್ಸೆಗಳ ಪೈಕಿ ಇದಕ್ಕೆ ಹೆಚ್ಚು ಅಂಕ ಕೊಡಬೇಕು. ಕಳೆಯಬೇಕಾದ ಅಂಕಗಳೂ ಇವೆ: ಅತಿಯಾಗಿ ಒಣಗಿಸುವುದು ಹಳೆಯ ಅಂಟು ಮತ್ತು ತೊಗಲಿನ ರಟ್ಟುಗಳಿಗೆ ಒಗ್ಗದು, ಹೊರಬರುವ ಎಥನಾಲ್ ಕೆಲವು ಬಣ್ಣಗಳನ್ನು ಹಿಂಬದಿಗೆ ಇಳಿಸುತ್ತದೆ, ನುಣುಪಾದ ರಟ್ಟುಗಳ ಮೇಲೆ ಕೆಲವೊಮ್ಮೆ ಬಿಳಿಯ ಕಲೆಯೋ ಕಾಮನಬಿಲ್ಲಿನಂಥ ಹೊಳಪೋ ಉಳಿಯುತ್ತದೆ. ಮುಖ್ಯವಾಗಿ, ಇದು ದೊಡ್ಡ ಸ್ಥಾವರವಿರುವಲ್ಲಿ ಮಾತ್ರ ಸಾಧ್ಯ. ಹತ್ತಿರದಲ್ಲಿ ಸ್ಥಾವರವಿಲ್ಲದ ಗ್ರಂಥಾಲಯಕ್ಕೆ ಈ ಗುಣಗಾನವೆಲ್ಲ ಓದುವುದಕ್ಕಷ್ಟೇ.

ಇನ್ನು, ಜಗತ್ತಿನಲ್ಲಿ ಹೆಚ್ಚು ಪುಸ್ತಕಗಳು ಹಾದುಬಂದಿರುವ ವಿಧಾನಗಳಲ್ಲಿ ಒಂದಾದ ಬುಕ್‌ಕೀಪರ್. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಸಾಮೂಹಿಕ ಸೇವೆಯಾಗಿಯೂ, ಕೈಯಲ್ಲಿ ಹಿಡಿಯುವ ತುಂತುರು ಬಾಟಲಿಯಾಗಿಯೂ ದೊರೆಯುವುದು ಇದೇ. ಅಮೆರಿಕದ ಕಾಪರ್ಸ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾದ ಪ್ರಿಸರ್ವೇಶನ್ ಟೆಕ್ನಾಲಜೀಸ್ ಕೈಯಲ್ಲಿ ಬೆಳೆದ ಈ ವಿಧಾನವನ್ನು ಲೈಬ್ರರಿ ಆಫ್ ಕಾಂಗ್ರೆಸ್ 1995ರಿಂದ ಬಳಸತೊಡಗಿತು. ಇದರಲ್ಲಿ ಏನೂ ಕರಗಿರುವುದಿಲ್ಲ. ಮೈಕ್ರಾನಿಗಿಂತ ಚಿಕ್ಕದಾದ ಮೆಗ್ನೀಸಿಯಮ್ ಆಕ್ಸೈಡ್ ಕಣಗಳು, ಅವು ಒಂದಕ್ಕೊಂದು ಅಂಟದಂತೆ ತಡೆಯುವ ಅಲ್ಪ ಪ್ರಮಾಣದ ಮತ್ತೊಂದು ವಸ್ತುವಿನೊಂದಿಗೆ, ಫ್ಲೋರಿನ್‌ಭರಿತ ಜಡ ದ್ರವವೊಂದರಲ್ಲಿ ತೇಲುತ್ತಿರುತ್ತವೆ. ಪುಸ್ತಕಗಳನ್ನು ರಟ್ಟು ಅಗಲಿಸಿ ತೆರೆದಂತೆ, ಹಾಳೆಗಳು ಬೀಸಣಿಗೆಯಂತೆ ಹರಡಿಕೊಳ್ಳುವಂತೆ ಹಿಡಿಕೆಗಳಿಗೆ ಕಟ್ಟಿ ತೊಟ್ಟಿಯಲ್ಲಿ ನಿಧಾನವಾಗಿ ಆಡಿಸುತ್ತಾರೆ. ಕಣಗಳು ನಾರಿನ ಮೇಲೆ ಕುಳಿತ ನಂತರ ದ್ರವವನ್ನು ನಿರ್ವಾತದಲ್ಲಿ ಹೀರಿ ಮರಳಿ ಬಳಕೆಗೆ ಪಡೆಯುತ್ತಾರೆ.

ಇದರ ದೊಡ್ಡ ಗುಣ ನಿರುಪದ್ರವತೆ. ಆ ದ್ರವ ಶಾಯಿಯನ್ನು ಕರಗಿಸುವುದಿಲ್ಲ, ಅಂಟನ್ನು ಮೆತ್ತಗಾಗಿಸುವುದಿಲ್ಲ, ಬೆಂಕಿಗೆ ಹೊತ್ತುವುದಿಲ್ಲ, ಕಾಗದವನ್ನು ಮೊದಲು ಒಣಗಿಸಬೇಕೆಂದು ಕೇಳುವುದಿಲ್ಲ. ಹಸ್ತಾಕ್ಷರ, ಗ್ರಂಥಾಲಯದ ಮುದ್ರೆ, ಓದುಗರು ಅಂಚಿನಲ್ಲಿ ಬರೆದ ಟಿಪ್ಪಣಿ, ನಾನಾ ಬಣ್ಣದ ಬಟ್ಟೆಯ ರಟ್ಟು, ಇವೆಲ್ಲ ಬೆರೆತಿರುವ ಸಾಮಾನ್ಯ ಸಂಗ್ರಹವೊಂದನ್ನು ಪುಸ್ತಕ ಪುಸ್ತಕವಾಗಿ ಪರೀಕ್ಷಿಸದೆ ಒಪ್ಪಿಸಬಹುದಾದ ವಿಧಾನ ಇದೊಂದೇ ಎಂದರೂ ಸಲ್ಲುತ್ತದೆ. ಆಯ್ಕೆಯ ಶ್ರಮವೇ ಮುಖ್ಯ ಖರ್ಚಾಗಿರುವ ಕಡೆ ಈ ಒಂದು ಗುಣ ಉಳಿದ ಕೊರತೆಗಳಲ್ಲಿ ಅರ್ಧವನ್ನು ಮನ್ನಿಸುವಂತೆ ಮಾಡುತ್ತದೆ.

ಉಳಿದರ್ಧವನ್ನು ಮನ್ನಿಸಲಾಗದು. ಕಣಗಳು ಕಾಗದದ ಮೇಲೆ ಕುಳಿತಿರುತ್ತವೆಯೇ ಹೊರತು ದ್ರಾವಣದಂತೆ ನಾರಿನೊಳಗೆ ಹೀರಿಕೊಂಡಿರುವುದಿಲ್ಲ. ಗಾಳಿಯ ತೇವದೊಂದಿಗೆ ಅವು ಹೈಡ್ರಾಕ್ಸೈಡಾಗಿ, ನಿಧಾನವಾಗಿ ಆಮ್ಲದೊಂದಿಗೆ ಸಂಧಿಸುವ ಪ್ರಕ್ರಿಯೆ ತೊಟ್ಟಿಯಲ್ಲಿ ನಡೆಯುವುದೇ ಇಲ್ಲ. ಅದು ನಡೆಯುವುದು ಪುಸ್ತಕ ಕಪಾಟಿಗೆ ಮರಳಿದ ಮೇಲೆ, ವಾರಗಳು ತಿಂಗಳುಗಳ ಅವಧಿಯಲ್ಲಿ. ತೆಳುವಾದ, ಹೀರುವ ಗುಣವಿರುವ ಸಾಧಾರಣ ಪುಸ್ತಕದ ಕಾಗದದಲ್ಲಿ ಇದು ಸಮಾಧಾನಕರವಾಗಿ ನಡೆಯುತ್ತದೆ. ದಪ್ಪ ಕಾಗದದಲ್ಲಿ ನಡುವಿನ ಪದರ ಆಮ್ಲೀಯವಾಗಿಯೇ ಉಳಿಯುವ ಸಾಧ್ಯತೆ ಇದೆ. ಚಿತ್ರಗಳಿಗಾಗಿ ಬಳಸುವ ಹೊಳಪಿನ ಲೇಪಿತ ಕಾಗದದ ಮೇಲೆ ಕಣಗಳು ಪುಡಿಯಾಗಿ ನಿಲ್ಲುತ್ತವೆ. ಬಿಗಿಯಾಗಿ ಕಟ್ಟಿದ ಪುಸ್ತಕಗಳಲ್ಲಿ ಹಾಳೆ ಬೆನ್ನಿನ ಹತ್ತಿರ ತೆರೆದುಕೊಳ್ಳದ ಕಾರಣ, ಅಂಚಿನಲ್ಲಿ ಧಾರಾಳವಾಗಿರುವ ಕ್ಷಾರ ಹೊಲಿಗೆಯ ಬಳಿ ಕ್ಷೀಣಿಸುತ್ತದೆ, ಆದರೆ ಪುಟ ಮಡಿಸಿ ಮುರಿಯುವುದು ಬಹುತೇಕ ಆ ಹೊಲಿಗೆಯ ಬಳಿಯೇ. ಕಪ್ಪು ಬಟ್ಟೆಯ ರಟ್ಟಿನ ಮೇಲೂ ಗಾಢವಾದ ಚಿತ್ರಗಳ ಮೇಲೂ ಬಿಳಿಯ ಮಬ್ಬು ಕಾಣುತ್ತದೆ, ಪುಟ ತಿರುಗಿಸುವಾಗ ಬೆರಳಿಗೆ ಸುಣ್ಣ ತಾಗಿದಂತಹ ಒಣ ಸ್ಪರ್ಶ ಸಿಗುತ್ತದೆ. ಇದು ಅಪಾಯವಲ್ಲ, ಆದರೆ ಚಿತ್ರಗ್ರಂಥಗಳನ್ನು ಪ್ರೀತಿಸುವವರಿಗೆ ಹಿತವೂ ಅಲ್ಲ.

ಇಲ್ಲಿಯೇ ಪರೀಕ್ಷೆಯ ಮಾತು ಬರುತ್ತದೆ. ಪಿಎಚ್ ಪೆನ್ನು ಎಂದು ಮಾರುವ ಸೂಚಕ ಪೆನ್ನಿನಲ್ಲಿ ಇರುವುದು ಸಾಮಾನ್ಯವಾಗಿ ಕ್ಲೋರೋಫೀನಾಲ್ ರೆಡ್. ಗೀಟು ನೇರಳೆಯಾದರೆ ಕಾಗದ ತಟಸ್ಥ ಅಥವಾ ಕ್ಷಾರೀಯ, ಹಳದಿಯಾದರೆ ಆಮ್ಲೀಯ. ಮೇಲ್ಮೈಯಲ್ಲಿ ಕಣಗಳ ಪದರ ಕುಳಿತಿರುವ ಹಾಳೆಯ ಮೇಲೆ ಈ ಗೀಟು ಖಂಡಿತವಾಗಿ ನೇರಳೆಯಾಗುತ್ತದೆ, ಒಳಗಿನ ಸ್ಥಿತಿ ಏನೇ ಇರಲಿ. (ಗೀಟು ಅಳಿಸಲಾಗದ್ದು, ಆದ್ದರಿಂದ ಬೆಲೆಬಾಳುವ ಪುಟದ ಮೇಲೆ ಎಳೆಯಬಾರದು.) ನಂಬಬಹುದಾದದ್ದು ಕಾಗದದ ಚೂರನ್ನು ತಣ್ಣೀರಿನಲ್ಲಿ ನೆನೆಸಿ ಆ ನೀರಿನ ಪಿಎಚ್ ಅಳೆಯುವುದು, ಮತ್ತು ಎಷ್ಟು ಆಮ್ಲ ಸೇರಿಸಿದರೆ ಕ್ಷಾರ ತೀರುತ್ತದೆಂದು ನೋಡಿ ಮೀಸಲನ್ನು ಲೆಕ್ಕ ಹಾಕುವುದು, ಎರಡೂ ಹಾಳೆಯನ್ನು ಬಲಿ ಕೇಳುತ್ತವೆ. ಹೀಗಾಗಿ ವಿಲೇವಾರಿಗೆ ಇಟ್ಟಿರುವ ಹೆಚ್ಚುವರಿ ಪ್ರತಿಗಳನ್ನು ಪ್ರತಿ ತಂಡದೊಂದಿಗೂ, ಅಂದರೆ ಒಟ್ಟಿಗೆ ಚಿಕಿತ್ಸೆಗೆ ಹೋಗುವ ಪುಸ್ತಕಗಳ ಪ್ರತಿ ಗುಂಪಿನೊಂದಿಗೂ, ಕಳುಹಿಸಬೇಕು, ಮತ್ತು ಅವುಗಳ ಚೂರನ್ನು ಮೂರು ಕಡೆಯಿಂದ ತೆಗೆಯಬೇಕು: ಹೊರ ಅಂಚು, ಪುಟದ ನಡು, ಹೊಲಿಗೆಯ ಬಳಿ. ನಾನು ನೋಡಿದ ವರದಿಯೊಂದರಲ್ಲಿ ಸೇವಾ ಸಂಸ್ಥೆ ಪುಸ್ತಕಗಳ ಸರಾಸರಿ ಮೀಸಲನ್ನು ಮಾತ್ರ ಕೊಟ್ಟಿತ್ತು, ಅದು ನೋಡಲು ಚೆನ್ನಾಗಿಯೇ ಇತ್ತು; ಬಿಡಿ ಬಿಡಿಯಾಗಿ ಕೇಳಿ ಪಡೆದಾಗ ಹೊಲಿಗೆಯ ಬಳಿಯ ಚೂರುಗಳು ಅರ್ಧಕ್ಕಿಂತ ಕೆಳಗಿದ್ದವು. ಸರಾಸರಿ ಕೊಡುವುದು ಮೋಸವೇನಲ್ಲ, ಆದರೆ ಗುತ್ತಿಗೆಯಲ್ಲಿ ಕನಿಷ್ಠವನ್ನು ಬರೆಸದಿದ್ದರೆ ಸರಾಸರಿಯೇ ಬರುತ್ತದೆ. ಸಾಮೂಹಿಕ ಚಿಕಿತ್ಸೆಯ ಪರಿಣಾಮವನ್ನು ಅಳೆಯಲು 2016ರಲ್ಲಿ ಬಂದ ಐಎಸ್‌ಒ 18344 ಎಂಬ ತಾಂತ್ರಿಕ ನಿರ್ದೇಶನವನ್ನು ಗುತ್ತಿಗೆಯ ಭಾಗವಾಗಿಸಿಕೊಂಡರೆ ಈ ವಾದಗಳಲ್ಲಿ ಬಹಳಷ್ಟು ತಪ್ಪುತ್ತದೆ.

ಇದೇ ದ್ರವದ ತುಂತುರು ಬಾಟಲಿಯ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಉದಾರವಲ್ಲ. ಬಿಡಿ ಹಾಳೆ, ಭೂಪಟ, ಪತ್ರ, ನೀರು ತಾಗಿಸಲಾಗದ ಶಾಯಿಯ ದಾಖಲೆ, ಇಂಥವುಗಳಿಗೆ ಅದು ಉಪಯುಕ್ತ. ಬಾಟಲಿಯನ್ನು ಪದೇ ಪದೇ ಅಲುಗಿಸುತ್ತಿರಬೇಕು, ಇಲ್ಲವಾದರೆ ಕಣಗಳು ತಳಕ್ಕಿಳಿದು ಮೊದಲು ಬರೀ ದ್ರವ, ಕೊನೆಗೆ ಬರೀ ಕೆಸರು ಹೊರಬರುತ್ತದೆ. ಹಾಳೆಯ ಎರಡೂ ಬದಿಗೆ, ಒಂದೇ ದೂರದಿಂದ, ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಸಾಲು ಸಾಲಾಗಿ ಸಿಂಪಡಿಸುವ ಕೈ ಅಭ್ಯಾಸದಿಂದ ಬರಬೇಕು. ಅಭ್ಯಾಸವಿಲ್ಲದ ಕೈ ಒಂದೆಡೆ ಹಿಟ್ಟು ಚೆಲ್ಲಿದಂತೆ ಮಾಡಿ ಮತ್ತೊಂದೆಡೆ ಖಾಲಿ ಬಿಡುತ್ತದೆ. ಮೂತಿ ಕಟ್ಟಿಕೊಳ್ಳುವುದು ಸಾಮಾನ್ಯ ದೂರು, ಪ್ರತಿ ಬಳಕೆಯ ನಂತರ ತೊಳೆಯದಿದ್ದರೆ ಅದು ತಪ್ಪದು. ಗಾಳಿ ಹೊರಹೋಗುವ ವ್ಯವಸ್ಥೆಯಿರುವ ಮೇಜಿನ ಮೇಲೆ, ಮುಖಗವಸು ಧರಿಸಿ ಕೆಲಸ ಮಾಡಬೇಕು. ನನ್ನ ನಿಜವಾದ ತಕರಾರು ಬೇರೆ: ಆ ಫ್ಲೋರಿನ್ ದ್ರವಗಳು ಮನುಷ್ಯನಿಗೆ ವಿಷವಲ್ಲವಾದರೂ ವಾತಾವರಣದಲ್ಲಿ ಬಹುಕಾಲ ಉಳಿದು ಶಾಖವನ್ನು ಹಿಡಿದಿಡುವ ಪ್ರಬಲ ಹಸಿರುಮನೆ ಅನಿಲಗಳ ವರ್ಗಕ್ಕೆ ಸೇರಿದವು. ಸ್ಥಾವರದಲ್ಲಿ ಅವನ್ನು ಮರಳಿ ಹಿಡಿಯುತ್ತಾರೆ, ಬಾಟಲಿಯಿಂದ ಹೊರಟದ್ದೆಲ್ಲ ಗಾಳಿಗೇ. ಇಡೀ ಪುಸ್ತಕವನ್ನು ಪುಟಪುಟವಾಗಿ ಸಿಂಪಡಿಸುವುದು ಈ ಕಾರಣಕ್ಕೂ, ವ್ಯರ್ಥವಾಗುವ ಶ್ರಮದ ಕಾರಣಕ್ಕೂ ನನಗೆ ಒಪ್ಪಿಗೆಯಿಲ್ಲ. ಸ್ಪೇನಿನಲ್ಲಿ ರೂಪುಗೊಂಡ ಬುಕ್‌ಸೇವರ್ ವಿಧಾನದ ದ್ರಾವಕಕ್ಕೂ ಈ ಪರಿಸರದ ಆಕ್ಷೇಪಣೆ ಅನ್ವಯಿಸುತ್ತದೆ.

ಇತ್ತೀಚಿನದು ನ್ಯಾನೊ ಗಾತ್ರದ ಕ್ಯಾಲ್ಸಿಯಮ್ ಹೈಡ್ರಾಕ್ಸೈಡ್ ಕಣಗಳನ್ನು ಆಲ್ಕೊಹಾಲಿನಲ್ಲಿ ತೇಲಿಸಿದ ದ್ರವ. ಇಟಲಿಯ ಫ್ಲಾರೆನ್ಸಿನಲ್ಲಿ ಪಿಯೆರೊ ಬಾಲ್ಯೋನಿ ಅವರ ತಂಡ ಗೋಡೆಚಿತ್ರಗಳಿಗಾಗಿ ಬೆಳೆಸಿದ ಈ ತಂತ್ರ ಕಾಗದಕ್ಕೂ ಬಂದಿದೆ. ಕುಂಚದಿಂದ ಹಚ್ಚಿದರೆ ಚೆನ್ನಾಗಿ ಹರಡುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಕಾಲಕ್ರಮದಲ್ಲಿ ಕಾರ್ಬೊನೇಟಾಗಿ ಮೀಸಲು ಉಳಿಸುತ್ತದೆ. ಆಲ್ಕೊಹಾಲಿಗೆ ಕರಗುವ ಶಾಯಿಗಳಿಗೆ ಆಗದು, ದಟ್ಟವಾಗಿ ಹಚ್ಚಿದರೆ ಇದೂ ಬಿಳುಪಾಗುತ್ತದೆ. ಪ್ರಯೋಗಶಾಲೆಯ ಮೇಜಿನ ಮಟ್ಟಿಗೆ ತುಂತುರು ಬಾಟಲಿಗಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದು.

ಕೈಬರಹದ ಸಂಗ್ರಹವಿರುವವರು ಒಂದು ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಕಬ್ಬಿಣ ಮತ್ತು ಮಾಯಿಫಲದಿಂದ ಮಾಡಿದ ಹಳೆಯ ಕಂದುಗಪ್ಪು ಶಾಯಿ ಕಾಗದವನ್ನು ಕೊರೆಯುವುದು ಆಮ್ಲದಿಂದ ಮಾತ್ರವಲ್ಲ, ಅದರಲ್ಲಿ ಹೆಚ್ಚುವರಿಯಾಗಿ ಉಳಿದಿರುವ ಕಬ್ಬಿಣದ ಅಯಾನುಗಳು ನಡೆಸುವ ಉತ್ಕರ್ಷಣದಿಂದಲೂ. ಕ್ಷಾರವೊಂದನ್ನೇ ಕೊಟ್ಟರೆ ಎರಡನೆಯ ಕಾರಣ ಹಾಗೆಯೇ ಉಳಿಯುತ್ತದೆ. ನೆದರ್ಲೆಂಡ್ಸ್‌ನ ಹಾನ್ ನೇವೆಲ್ 1990ರ ದಶಕದಲ್ಲಿ ರೂಪಿಸಿದ ಕ್ಯಾಲ್ಸಿಯಮ್ ಫೈಟೇಟ್ ಚಿಕಿತ್ಸೆ ಈ ಕಬ್ಬಿಣವನ್ನು ಬಂಧಿಸುತ್ತದೆ; ಅದರ ನಂತರ ಕ್ಯಾಲ್ಸಿಯಮ್ ಬೈಕಾರ್ಬೊನೇಟಿನ ಸ್ನಾನ. ಸಡಿಲ ಕಬ್ಬಿಣ ಇದೆಯೇ ಎಂದು ತಿಳಿಯಲು ಬ್ಯಾಥೊಫಿನಾಂತ್ರೊಲಿನ್ ಲೇಪಿಸಿದ ಪರೀಕ್ಷಾಪಟ್ಟಿ ಸಾಕು, ಒದ್ದೆ ಮಾಡಿ ಶಾಯಿಗೆ ಒತ್ತಿದಾಗ ಗುಲಾಬಿ ಬಣ್ಣ ಬಂದರೆ ಇದೆ ಎಂದರ್ಥ. ಈ ಕೆಲಸ ಸಾಮೂಹಿಕ ಸ್ಥಾವರದ್ದಲ್ಲ, ಸಂರಕ್ಷಕರ ತಟ್ಟೆಯದು.

ಕಳುಹಿಸಲೇಬಾರದ ವಸ್ತುಗಳೂ ಇವೆ. ನೀಲಿನಕ್ಷೆಗಳ ಬಣ್ಣವಾದ ಪ್ರಷ್ಯನ್ ನೀಲಿ ಕ್ಷಾರದಲ್ಲಿ ಮಾಸಿ ಕಂದಾಗುತ್ತದೆ, ಆದ್ದರಿಂದ ವಾಸ್ತುಶಿಲ್ಪದ ಹಳೆಯ ನೀಲಿನಕ್ಷೆಗಳು ಯಾವ ಕ್ಷಾರದ ಹತ್ತಿರಕ್ಕೂ ಹೋಗಬಾರದು. ಛಾಯಾಚಿತ್ರಗಳು, ಕ್ಷಾರಕ್ಕೆ ಬಣ್ಣ ಬದಲಿಸುವ ಜಲವರ್ಣಗಳು, ಸ್ವಭಾವತಃ ಆಮ್ಲೀಯವಾಗಿಯೇ ಬಾಳುವ ತೊಗಲಿನ ರಟ್ಟುಗಳು, ಚರ್ಮಪತ್ರ, ಇವನ್ನೂ ಬೇರ್ಪಡಿಸಬೇಕು. ಮರದ ನಾರುಗಳನ್ನು ಬೆಸೆಯುವ ಲಿಗ್ನಿನ್ ಎಂಬ ಅಂಶ ಹೇರಳವಾಗಿರುವ ವೃತ್ತಪತ್ರಿಕೆಯ ಕಾಗದ ಕ್ಷಾರ ತಾಗಿದಾಗ ಒಂದಿಷ್ಟು ಹೆಚ್ಚು ಹಳದಿಯಾಗಬಹುದು, ಮತ್ತು ಬೆಳಕಿನಿಂದ ಅದು ಹಳದಿಯಾಗುವುದನ್ನು ಯಾವ ಆಮ್ಲನಿವಾರಣೆಯೂ ತಡೆಯದು. ಮೂಲೆ ಮಡಿಸಿದರೆ ಮುರಿಯುವಂತಹ ಪುಸ್ತಕಗಳನ್ನು ಡಿಜಿಟಲ್ ಪ್ರತಿ ಮಾಡಿಸಿ ಕ್ಷಾರೀಯ ರಟ್ಟಿನ ಪೆಟ್ಟಿಗೆಯಲ್ಲಿಡುವುದು ವಿವೇಕ. ಅವುಗಳಿಗೆ ಬಲ ಕೊಡಲೇಬೇಕೆಂದಿದ್ದರೆ ಹಾಳೆಯನ್ನು ಎರಡಾಗಿ ಸೀಳಿ ನಡುವೆ ಗಟ್ಟಿಯಾದ ತೆಳುಕಾಗದ ಸೇರಿಸುವ ಕಲೆ ಜರ್ಮನಿಯಲ್ಲಿದೆ. ಲೈಪ್‌ಜಿಗ್‌ನಲ್ಲಿ ಅದಕ್ಕೆ ಯಂತ್ರವನ್ನೂ ಕಟ್ಟಿದರು. ನೋಡಿದವರಿಗೆ ಅಚ್ಚರಿಯಾಗುವ ಕೆಲಸ, ಆದರೆ ಅಪರೂಪದ ಗ್ರಂಥಗಳಿಗಷ್ಟೇ ಸಾಧ್ಯವಾದದ್ದು.

ಹಾಗಾದರೆ ಸಂಗ್ರಹವೊಂದರ ಹೊಣೆ ಹೊತ್ತವರು ಯಾವುದನ್ನು ಆರಿಸಬೇಕು? ಬಿಡಿ ಹಾಳೆಯ ಕಡತಗಳಿಗೆ ಬ್ಯೂಕೆಬುರ್ಗ್ ಮಾದರಿಯ ನೀರಿನ ಯಂತ್ರ. ಕಟ್ಟಿದ ಪುಸ್ತಕಗಳು ಬಹುತೇಕ ಒಂದೇ ಬಗೆಯವಾಗಿದ್ದು, ಮೊದಲೇ ಪರಿಶೀಲಿಸುವ ಸಿಬ್ಬಂದಿ ಇದ್ದರೆ ಪೇಪರ್‌ಸೇವ್. ನಾನಾ ಶಾಯಿ, ರಟ್ಟುಗಳ ಬೆರಕೆ ಸಂಗ್ರಹವಾಗಿದ್ದು ಆಯ್ಕೆಗೆ ಜನವಿಲ್ಲದಿದ್ದರೆ ಬುಕ್‌ಕೀಪರಿನ ತೊಟ್ಟಿ, ಹೊಲಿಗೆಯ ಬಳಿಯ ಕನಿಷ್ಠ ಮೀಸಲನ್ನು ಗುತ್ತಿಗೆಯಲ್ಲಿ ಬರೆಸಿಕೊಂಡು. ಇವುಗಳಲ್ಲಿ ಯಾವುದನ್ನೂ ತಂಪಾದ ದಾಸ್ತಾನಿನ ಬದಲಿಯೆಂದು ಭಾವಿಸಬಾರದು. ಕಾಗದದ ಆಮ್ಲೀಯ ಶಿಥಿಲತೆಯ ವೇಗ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದಂತೆಲ್ಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಆರ್ದ್ರತೆ ಇಳಿದಾಗಲೂ ತಗ್ಗುತ್ತದೆ. ತಂಪು ಕೋಣೆ ಮುರುಕಲು ಪುಸ್ತಕಕ್ಕೂ ಗಟ್ಟಿ ಪುಸ್ತಕಕ್ಕೂ, ನೀಲಿನಕ್ಷೆಗೂ ತೊಗಲಿಗೂ ಸಮನಾಗಿ ಉಪಕರಿಸುತ್ತದೆ, ಅದಕ್ಕೆ ಆಯ್ಕೆ ಬೇಡ. ವಿದ್ಯುತ್ತು ಮಾತ್ರ ಪ್ರತಿದಿನ ಬೇಕು. ವಿದ್ಯುತ್ ಪೂರೈಕೆಯನ್ನು ನಂಬಲಾಗದ ಕಡೆ ಒಮ್ಮೆ ಮಾಡಿ ಮುಗಿಸುವ ರಾಸಾಯನಿಕ ಚಿಕಿತ್ಸೆಗೆ ಇರುವ ಬೆಲೆ, ನಂಬಬಹುದಾದ ಕಡೆ ಇರುವುದಕ್ಕಿಂತ ಬಹಳ ಹೆಚ್ಚು.

ಚಿಕಿತ್ಸೆ ಪಡೆದ ಪುಸ್ತಕದಲ್ಲಿ ಅದರ ಗುರುತು ಇರಲೇಬೇಕು. ಹಿಂಬದಿಯ ರಟ್ಟಿನ ಒಳಗೆ ಕ್ಷಾರೀಯ ಕಾಗದದ ಸಣ್ಣ ಚೀಟಿಯಲ್ಲಿ ವರ್ಷ ಮತ್ತು ವಿಧಾನ, ಸೂಚಿಯ ದಾಖಲೆಯಲ್ಲಿ ಅದೇ ವಿವರ ಮತ್ತು ತಂಡದ ಸಂಖ್ಯೆ, ಜೊತೆಗೆ ಅದೇ ತಂಡದ ಪರೀಕ್ಷಾ ಪ್ರತಿಯ ಒಂದು ಹಾಳೆ, ಅದರ ಅರ್ಧವನ್ನು ಚಿಕಿತ್ಸೆಗೆ ಮುಂಚೆಯೇ ಕತ್ತರಿಸಿ ಬೇರೆ ಲಕೋಟೆಯಲ್ಲಿ ಇಟ್ಟಿರಬೇಕು. ಇಷ್ಟಿದ್ದರೆ ಇಪ್ಪತ್ತು ವರ್ಷಗಳ ನಂತರ ಆ ಜಾಗಕ್ಕೆ ಬರುವವರು ಎರಡು ಅರ್ಧಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದೊಂದರ ಮೂಲೆಯನ್ನು ಮಡಿಸಿ, ಹಣ ಕೊಟ್ಟದ್ದಕ್ಕೆ ಏನು ಬಂದಿತೆಂದು ತಾವೇ ತೀರ್ಮಾನಿಸಬಹುದು.